ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿದ್ರೆ ಅಪಾಯಾನಾ?

ಅಣ್ಣ, ಗರ್ಭದ ನೀರು ಹಸಿರಾಗಿತ್ತು, ಮಗು ಹುಟ್ಟಿದ ತಕ್ಷಣ ಅತ್ತಿದೆ, ಆದರೂ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಕಳಿಸಿ ಐಸಿಯುನಲ್ಲಿ ಇಟ್ಟಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ಜೋರಾಗಿ ಅತ್ತು ಕೈಕಾಲು ಆಡಿಸಿದೆ ಅಂದ್ರೆ ಅದೇ ಒಳ್ಳೆ ಸುದ್ದಿ. ಮಗು ಒಳಗೇ ಕಕ್ಕ ಮಾಡಿದ್ರೆ ನೀರು ಹಸಿರಾಗುತ್ತೆ, 100 ಹೆರಿಗೆಯಲ್ಲಿ ಸುಮಾರು 10-15ರಲ್ಲಿ ಹೀಗಾಗುತ್ತೆ, ಹೆರಿಗೆ ದಿನ ಮೀರಿದ್ರೆ ಇನ್ನೂ ಜಾಸ್ತಿ. ಬಹುಪಾಲು ಮಕ್ಕಳಿಗೆ ಏನೂ ಆಗಲ್ಲ.

ತೊಂದರೆ ಬರೋದು ಆ ನೀರು ಶ್ವಾಸಕೋಶಕ್ಕೆ ಹೋದಾಗ. ಆ ಮಲ ಡಾಂಬರಿನ ಥರ ಅಂಟು, ಸಣ್ಣ ಗಾಳಿ ನಾಳಗಳಲ್ಲಿ ಕಟ್ಟಿಕೊಳ್ಳುತ್ತೆ, ಊತ ಬರುತ್ತೆ, ಮಗುವಿಗೆ ಆಕ್ಸಿಜನ್ ಸಾಲಲ್ಲ. ಹುಟ್ಟಿದಾಗ ಚೆನ್ನಾಗಿದ್ದು ಕೆಲವು ಗಂಟೆ ಆದ್ಮೇಲೆ ಏದುಸಿರು ಶುರುವಾಗೋದೂ ಉಂಟು, ಅದಕ್ಕೇ ಇಟ್ಟುಕೊಂಡು ನೋಡ್ತಾರೆ. ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು, ನರಳೋ ಸದ್ದು, ಪಕ್ಕೆ ಒಳಗೆ ಎಳೆಯೋದು, ತುಟಿ ನೀಲಿ ಆಗೋದು, ಮನೆಗೆ ಬಂದ್ಮೇಲೆ ಇದರಲ್ಲಿ ಯಾವುದು ಕಂಡ್ರೂ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ನನ್ನ ತಂಗಿ ಮಗ ಹುಟ್ಟಿದಾಗ ಉಗುರು, ಹೊಕ್ಕುಳಬಳ್ಳಿ ಎಲ್ಲ ಹಳದಿ-ಹಸಿರು. 3 ದಿನ ಆಕ್ಸಿಜನ್ ಕೊಟ್ಟರು. ಈಗ ಅಂಗಳದಲ್ಲಿ ಕೋಳಿ ಅಟ್ಟಿಸ್ಕೊಂಡು ಓಡ್ತಾನೆ.

ಅಂದಹಾಗೆ, ಹಲಸಿನಹಣ್ಣು ತಿಂದಿದ್ದಕ್ಕೇ ಹೀಗಾಯ್ತು ಅಂತ ನಿಮ್ಮಮ್ಮ ಅಂದಿದ್ದು ಸುಮ್ನೆ ಮಾತು. ಅದು ಬಾಣಂತಿ ಕಿವಿಗೆ ಬೀಳದ ಹಾಗೆ ನೋಡ್ಕೊಳ್ಳಿ.