ಮೂರು ಕಡೆ ತರಬೇತಿ ಆದರೆ ‘ನಿಲ್ಲದ ಹುಡುಗಿ’ ಅನ್ನುತ್ತಾರಾ?

ಪ್ರಶ್ನೆ: ಮೇಡಂ, ನಮಸ್ಕಾರ. ರಾಣೆಬೆನ್ನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಮಗಳು ಡಿಪ್ಲೊಮಾ ಮೆಕ್ಯಾನಿಕಲ್ ಕೊನೆ ಸೆಮಿಸ್ಟರ್‌ಗೆ ಬಂದಿದ್ದಾಳೆ. ರಜೆಯಲ್ಲಿ ಟ್ರ್ಯಾಕ್ಟರ್ ಸರ್ವಿಸ್ ಸೆಂಟರ್‌ನಲ್ಲಿ ಹದಿನೈದು ದಿನ, ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಒಂದು ತಿಂಗಳು ಇದ್ದು ಬಂದಳು. ಈಗ ಇಂಟರ್ನ್‌ಶಿಪ್‌ಗೆ ಹುಬ್ಬಳ್ಳಿ ಗೋಕುಲ ರಸ್ತೆಯ ಸಣ್ಣ ಮಷಿನ್ ಶಾಪ್‌ಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಆಫೀಸಿನ ಕೆಲಸಕ್ಕೂ ಅವಕಾಶ ಬಂದಿದೆ. ಸಂಬಂಧಿಕರೊಬ್ಬರು ‘ಎಲ್ಲಿಗೂ ಹೋಗೋದು ಬೇಡ, ಸರ್ಟಿಫಿಕೇಟ್ ನಾನು ಕೊಡಿಸ್ತೀನಿ’ ಅಂತಾರೆ. ಹೀಗೆ ಊರೂರಿಗೆ ಹೋದರೆ ನಾಳೆ ಕೆಲಸ ಕೊಡುವವರು ‘ಈ ಹುಡುಗಿ ಎಲ್ಲೂ ನಿಲ್ಲೋದಿಲ್ಲ’ ಅಂದುಕೊಳ್ಳುವುದಿಲ್ಲವೇ?
– ಒಬ್ಬ ತಂದೆ, ರಾಣೆಬೆನ್ನೂರು

ಉತ್ತರ: ಮಗಳನ್ನು ಗೋಕುಲ ರಸ್ತೆಗೇ ಕಳಿಸಿ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು 26 ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಡಿಪ್ಲೊಮಾ ಮುಗಿಸಿ ಬರುವವರ ಸಂದರ್ಶನಕ್ಕೂ ಕೂರುತ್ತಿದ್ದೆ. ಓದುವಾಗ ಮೂರು ಕಡೆ ತರಬೇತಿ ಪಡೆದರೆಂದು ಒಬ್ಬರನ್ನೂ ನಾವು ಬದಿಗೆ ಸರಿಸಿದ್ದಿಲ್ಲ. ‘ನಿಲ್ಲೋದಿಲ್ಲ’ ಅನ್ನುವ ಮಾತು ಬರುವುದು ನೌಕರಿಗೆ ಸೇರಿ ಆರಾರು ತಿಂಗಳಿಗೆ ಬಿಟ್ಟು ಹೋದವರ ಬಗ್ಗೆ.

ನಾನು ನೋಡುತ್ತಿದ್ದುದೇ ಬೇರೆ. ಲೇತ್ ಯಂತ್ರದಿಂದ ಬಂದ 20 ಮಿ.ಮೀ. ಶಾಫ್ಟ್ (ದುಂಡು ಸರಳು) ಮತ್ತು ಸೂಕ್ಷ್ಮ ಅಳತೆಯ ಉಪಕರಣವಾದ ಮೈಕ್ರೋಮೀಟರ್ ಕೈಗೆ ಕೊಟ್ಟು ‘ಅಳತೆ ಹೇಳಿ’ ಅನ್ನುತ್ತಿದ್ದೆ. ಕೆಲಸ ಕಂಡವರು ಮೊದಲು ಮೈಕ್ರೋಮೀಟರ್‌ನ ಎರಡೂ ಮುಖ ಒರೆಸುತ್ತಾರೆ. ಮುಚ್ಚಿ, ಸೊನ್ನೆ ಸರಿಯಾಗಿ ಕೂತಿದೆಯಾ ನೋಡುತ್ತಾರೆ. ಕೊನೆಯ ಬಿಗಿತಕ್ಕೆ, ಹೆಚ್ಚು ಬಿಗಿಯಾಗದಂತೆ ತಡೆಯುವ ಹಿಂದಿನ ರಾಚೆಟ್ ತಿರುಗಿಸುತ್ತಾರೆ. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯುತ್ತಾರೆ, ದುಂಡಗಿದೆಯೋ ಇಲ್ಲವೋ ಗೊತ್ತಾಗಬೇಕಲ್ಲ. ದೊಡ್ಡ ಕಂಪನಿಯ ಸರ್ಟಿಫಿಕೇಟ್ ತಂದವರಲ್ಲಿ ಎಷ್ಟೋ ಜನ ಅದನ್ನು ಸಿ-ಕ್ಲ್ಯಾಂಪ್ (ಬಿಗಿದು ಹಿಡಿಯುವ ಹಿಡಿಕೆ) ಹಾಗೆ ಬಲವಾಗಿ ಬಿಗಿ ಮಾಡುತ್ತಿದ್ದರು. ಪಾಪ, ಅವರದೂ ತಪ್ಪಲ್ಲ, ಯಾರೂ ಅವರ ಕೈಗೆ ಕೊಟ್ಟೇ ಇರಲಿಲ್ಲ.

ಬೇರೆ ಬೇರೆ ಕಡೆ ಕಲಿತದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಒಂದು ಘಟನೆ ಹೇಳುತ್ತೇನೆ. ಒಮ್ಮೆ ನಮ್ಮಲ್ಲಿ ಬೀಡುಕಬ್ಬಿಣದ ಹೌಸಿಂಗ್ (ಯಂತ್ರಭಾಗದ ಹೊರಕವಚ) ಬೋರ್ ಮಾಡುವಾಗ, ಅಂದರೆ ಅದರ ಒಳರಂಧ್ರ ಕೊರೆಯುವಾಗ, ಇನ್ಸರ್ಟ್ (ಲೋಹ ಕತ್ತರಿಸುವ ಸಣ್ಣ ಅಲಗು) ಮೇಲೆ ಇನ್ಸರ್ಟ್ ಮುರಿಯತೊಡಗಿತು. ಸ್ಪೀಡ್ ಇಳಿಸಿ ಅಂದರು ಒಬ್ಬರು, ಇನ್ಸರ್ಟ್ ಗ್ರೇಡ್ ಬದಲಿಸಿ ಅಂದರು ಇನ್ನೊಬ್ಬರು. ಸೇರಿ ನಾಲ್ಕು ತಿಂಗಳಾಗಿದ್ದ ಒಬ್ಬ ಹುಡುಗಿ ಅರ ತೆಗೆದುಕೊಂಡು ಆ ತುಂಡಿನ ತೆಳು ಅಂಚನ್ನು ಉಜ್ಜಿದಳು. ಅರದ ಹಲ್ಲು ಹಿಡಿಯಲೇ ಇಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಅಂಚನ್ನು ಸುತ್ತಿಗೆಯಿಂದ ಮುರಿದು ತೋರಿಸಿದಳು: ಒಳಗೆ ಬೂದು ಬಣ್ಣ ಇರಬೇಕಾದ ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ‘ಮೇಡಂ, ಇದು ಚಿಲ್ ಆಗಿದೆ. ತೆಳು ಜಾಗ ಬೇಗ ತಣ್ಣಗಾಗಿ ಗಟ್ಟಿಯಾಗಿದೆ. ಮಷಿನ್ ಸರಿಯಾಗಿದೆ, ಫೌಂಡ್ರಿಯವರಿಗೆ ಹೇಳಬೇಕು’ ಅಂದಳು. ಓದುವಾಗ ಅವಳು ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಆರು ವಾರ ಮರಳಿನ ಅಚ್ಚಿನ ಪಕ್ಕ ನಿಂತಿದ್ದಳು. ಮಷಿನ್ ಶಾಪನ್ನಷ್ಟೇ ಕಂಡಿದ್ದ ನಮಗೆ ಅದು ಹೊಳೆದಿರಲಿಲ್ಲ. ಮುಂದಿನ ಬ್ಯಾಚ್ ಸರಿಯಾಗಿ ಬಂತು. ಪ್ರೊಬೇಷನ್ ಮುಗಿಯುವ ಮೊದಲೇ ಅವಳನ್ನು ಕಾಯಂ ಮಾಡಿ ಎಂದು ನಾನೇ ಬರೆದುಕೊಟ್ಟೆ.

ನಿಮ್ಮ ಮಗಳು ಹೋಗುತ್ತಿರುವುದೂ ಇದೇ ದಾರಿ. ಟ್ರ್ಯಾಕ್ಟರ್ ಸರ್ವಿಸ್‌ನಲ್ಲಿ ಸವೆದ ಭಾಗ ನೋಡಿದಳು, ಫೌಂಡ್ರಿಯಲ್ಲಿ ಅದು ಹುಟ್ಟುವುದನ್ನು ನೋಡಿದಳು. ಇನ್ನು ಅದಕ್ಕೆ ಅಳತೆ ಬರುವುದನ್ನು ನೋಡಬೇಕು. ಬೇಕೆಂದೇ ಆರಿಸಿದಳೋ ತಾನಾಗಿ ಒದಗಿತೋ, ಅವಳು ಕಂಡ ಜಾಗಗಳು ಒಂದಕ್ಕೊಂದು ಕೊಂಡಿಯಾಗಿವೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕಡೆ ವಾರ ವಾರ ಇದ್ದು ಬಂದಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಈ ಸಲ ಮಾತ್ರ ಪೂರ್ತಿ ಅವಧಿ ಒಂದೇ ಕಡೆ ಇರಲಿ. ಎರಡು ವಾರದಲ್ಲಿ ಕಾರ್ಖಾನೆಯ ಒಳ್ಳೆಯ ದಿನಗಳಷ್ಟೇ ಕಾಣುತ್ತವೆ. ಮಾಲು ಸರಿಯಿಲ್ಲವೆಂದು ರಿಜೆಕ್ಷನ್ ಬಂದು ಎಲ್ಲರೂ ತಲೆ ಕೆಡಿಸಿಕೊಂಡು ನಿಂತ ದಿನ ಅವಳು ಅಲ್ಲಿರಬೇಕು. ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಇಡೀ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ ಇದೆ. ಅಲ್ಲಿಂದ ಬಂದವರ ಕೈ ಬೇರೆಯೇ ಇರುತ್ತಿತ್ತು.

ದೊಡ್ಡ ಕಂಪನಿಯ ಆಫೀಸು ಕೆಟ್ಟದ್ದು ಅನ್ನುತ್ತಿಲ್ಲ. ನನ್ನನ್ನೂ 1986ರಲ್ಲಿ ಒಂದು ಕಾರ್ಖಾನೆಯಲ್ಲಿ ‘ಹೆಣ್ಣುಮಗು, ಶಾಪ್ ಫ್ಲೋರ್ ಬೇಡ’ ಎಂದು ತಿಂಗಳುಗಟ್ಟಲೆ ಕಾರ್ಡುಗಳಿಗೆ ನಂಬರ್ ಹಾಕಲು ಕೂರಿಸಿದ್ದರು. ಆ ತಿಂಗಳುಗಳು ನನಗೆ ವಾಪಸ್ ಸಿಗಲಿಲ್ಲ. ನಿಮ್ಮ ಮಗಳು ತಾನಾಗಿಯೇ ಮಷಿನ್ ಹತ್ತಿರ ಹೋಗುತ್ತೇನೆ ಅನ್ನುವಾಗ ದಯವಿಟ್ಟು ತಡೆಯಬೇಡಿ.

ಸಂಬಂಧಿಕರ ಸರ್ಟಿಫಿಕೇಟ್ ಮಾತ್ರ ಮುಟ್ಟಲೇಬೇಡಿ. ಅದು ಸುಳ್ಳು. ‘ಅಲ್ಲಿ ಯಾವ ಮಷಿನ್ ಇತ್ತು?’ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸುವವಳು ನಿಮ್ಮ ಮಗಳು.

ಕಳಿಸುವ ಮೊದಲು ನೀವೇ ಒಮ್ಮೆ ಹೋಗಿ ಬನ್ನಿ. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯಾ, ಯಾರ ಕೈಕೆಳಗೆ ಕೆಲಸ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಎಲ್ಲ ಕೇಳಿ. ಸೇಫ್ಟಿ ಶೂ ನೀವೇ ಕೊಡಿಸಿ. ದುಪಟ್ಟಾ, ಬಳೆ, ಬಿಟ್ಟ ಕೂದಲು ಲೇತ್ ಹತ್ತಿರ ಬೇಡವೇ ಬೇಡ.

ಡಿಪ್ಲೊಮಾ ಪಾಸಾದ ಮೇಲೆ ಅಪ್ರೆಂಟಿಸ್‌ಗೂ ಹೆಸರು ನೋಂದಾಯಿಸಲಿ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಮುಗಿಸಿದವರಿಗೆ ಅಲ್ಲೇ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಇಲ್ಲ, ಆದರೆ ಸ್ಟೈಪೆಂಡ್ ಸಿಗುತ್ತದೆ, ಮಾನ್ಯತೆ ಇರುವ ಪ್ರಮಾಣಪತ್ರ ಸಿಗುತ್ತದೆ.

ಇನ್ನೊಂದು. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಡಿಸಿ. ಇವತ್ತು ಯಾವ ಭಾಗ ಮಾಡಿದರು, ಏನು ಕೆಟ್ಟಿತು, ಯಾರು ಹೇಗೆ ಸರಿ ಮಾಡಿದರು ಎಂದು ದಿನಾ ರಾತ್ರಿ ಐದು ಸಾಲು ಬರೆಯಲಿ. ಕಂಪನಿಯ ಡ್ರಾಯಿಂಗ್ ನಕಲು ಮಾಡುವುದು ಬೇಡ. ಒಂದು ತಿಂಗಳಾದ ಮೇಲೆ ಅದರಲ್ಲಿ ಅವಳಿಗೆ ಇಷ್ಟವಾದ ಒಂದು ಪುಟ ನನಗೆ ಕಳಿಸಲು ಹೇಳಿ. ಓದಿ, ಏನಾದರೂ ಕೇಳುವುದಿದ್ದರೆ ಅವಳಿಗೇ ಬರೆಯುತ್ತೇನೆ.