ನಮೀಬಿಯಾ ಸುಮ್ನೆ ಬಿದ್ದ ನೆಲವಲ್ಲ, ಮೇಷ್ಟ್ರೇ

ಚಳ್ಳಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "2022ರಲ್ಲಿ ಕುನೋ ಕಾಡಿಗೆ ಚೀತಾಗಳು ಬಂದಾಗಿನಿಂದ ನಮೀಬಿಯಾ ಅನ್ನೋ ಹೆಸರು ಕೇಳ್ತಿದ್ದೇನೆ. ಭೂಪಟ ತೆಗೆದು ನೋಡಿದರೆ ಎಲ್ಲೆಲ್ಲೂ ಮರುಭೂಮಿ, ಊರುಗಳಿಗೆ ಜರ್ಮನ್ ಹೆಸರು. ಸುಮ್ನೆ ಬಿದ್ದ ನೆಲದಂತೆ ಕಾಣುತ್ತದೆ. ಅಲ್ಲಿನವರು ಏನು ಕುಡಿಯುತ್ತಾರೆ, ಏನು ತಿಂದು ಬದುಕುತ್ತಾರೆ?"

ಮೇಷ್ಟ್ರೇ, ನಮಸ್ಕಾರ. ಬಯಲುಸೀಮೆಯವರಿಗೆ ಮೊದಲು ನೆನಪಾಗುವುದು ನೀರೇ, ಅಲ್ವಾ? ಅಲ್ಲಿಂದಲೇ ಶುರು ಮಾಡುತ್ತೇನೆ.

ಆಫ್ರಿಕಾದ ನೈಋತ್ಯ ಕಡಲಂಚಿನ ದೇಶವಾದ ನಮೀಬಿಯಾ ಕರ್ನಾಟಕದ ನಾಲ್ಕರಷ್ಟು ದೊಡ್ಡದು. ಜನ ಮಾತ್ರ ಸುಮಾರು 30 ಲಕ್ಷ. ವರ್ಷವಿಡೀ ಹರಿಯುವ ಹೊಳೆಗಳೆಲ್ಲ ಗಡಿಯ ಕಡೆ ಇವೆ. ಉತ್ತರಕ್ಕೆ ಕುನೆನೆ, ಒಕವಾಂಗೊ, ದಕ್ಷಿಣಕ್ಕೆ ಆರೆಂಜ್. ಒಳನಾಡಿನ ಹೊಳೆಗಳು ಮಳೆ ಬಿದ್ದಾಗ ನಾಲ್ಕು ದಿನ ಹರಿದು ಮತ್ತೆ ಬರೀ ಮರಳಾಗುತ್ತವೆ. ಅದಕ್ಕೇ ಹೆಚ್ಚು ಜನ ಉತ್ತರದಲ್ಲಿದ್ದಾರೆ. ದನ ಸಾಕುತ್ತಾರೆ, ಮಹಾಂಗು ಬೆಳೆಯುತ್ತಾರೆ. ಮಹಾಂಗು ಅಂದರೆ ಬೇರೇನಲ್ಲ, ನಮ್ಮ ಸಜ್ಜೆ.

ಪಶ್ಚಿಮದ ಕಡಲಂಚಿನಲ್ಲಿರುವುದು ನಮೀಬ್ ಮರುಭೂಮಿ. ಅಲ್ಲಿನ ಕಡಲಲ್ಲಿ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹವಿದೆ. ಅದರಿಂದಾಗಿ ಮಳೆ ಅಪರೂಪ, ಮಂಜು ಜಾಸ್ತಿ. ಅಲ್ಲೊಂದು ಕಪ್ಪು ಜೀರುಂಡೆ ಇದೆ. ಮಂಜು ಕವಿದಾಗ ಮರಳದಿಬ್ಬದ ನೆತ್ತಿಗೆ ಹತ್ತಿ, ತಲೆ ತಗ್ಗಿಸಿ, ಹಿಂಭಾಗ ಎತ್ತಿ ಗಾಳಿಗೆದುರು ನಿಲ್ಲುತ್ತದೆ. ಬೆನ್ನ ಮೇಲೆ ಮಂಜು ಹನಿಗಟ್ಟುತ್ತದೆ. ಹನಿ ಜಾರಿ ನೇರ ಬಾಯಿಗೆ ಬೀಳುತ್ತದೆ. ಮನುಷ್ಯರೂ ಹಾಗೆಯೇ ದಾರಿ ಹುಡುಕಿಕೊಂಡಿದ್ದಾರೆ. ರಾಜಧಾನಿ ವಿಂಡ್‌ಹೋಕ್‌ನಲ್ಲಿ 1968ರಿಂದ ಊರಿನ ಚರಂಡಿ ನೀರನ್ನೇ ಶುದ್ಧ ಮಾಡಿ, ಬೇರೆ ನೀರಿನ ಜತೆ ಸೇರಿಸಿ ನಲ್ಲಿಗೆ ಬಿಡುತ್ತಾರೆ. ಜಗತ್ತಿನಲ್ಲಿ ಈ ಕೆಲಸಕ್ಕೆ ಮೊದಲು ಕೈ ಹಾಕಿದ ಊರು ಅದು. ನನಗೆ ಆ ಊರಿನವರ ಬಗ್ಗೆ ತುಂಬಾ ಗೌರವ.

ಇನ್ನು ಬದುಕಿನ ಮಾತು. ಮೀನು, ದನದ ಮಾಂಸ, ಯುರೇನಿಯಂ ಹೊರದೇಶಕ್ಕೆ ಹೋಗುತ್ತವೆ. ಜತೆಗೆ ವಜ್ರ. ಈಗ ಹೆಚ್ಚಿನ ವಜ್ರವನ್ನು ಹಡಗುಗಳು ಸಮುದ್ರದ ತಳದಿಂದ ತೆಗೆಯುತ್ತವೆ. ಮೊದಲು ಅದು ಮರಳಲ್ಲೇ ಸಿಗುತ್ತಿತ್ತು. 1908ರಲ್ಲಿ ಲ್ಯೂಡರಿಟ್ಜ್ ಹತ್ತಿರ ರೈಲು ಹಳಿಯ ಮೇಲಿನ ಮರಳು ಎತ್ತುತ್ತಿದ್ದ ಝಕಾರಿಯಾಸ್ ಲೆವಾಲಾ ಎಂಬ ಕೂಲಿಯವನ ಕಣ್ಣಿಗೆ ಹೊಳೆಯುವ ಕಲ್ಲೊಂದು ಬಿತ್ತು. ಅದನ್ನು ಮೇಲ್ವಿಚಾರಕ ಆಗಸ್ಟ್ ಸ್ಟೌಖ್ ಕೈಗೆ ಕೊಟ್ಟ. ಸ್ಟೌಖ್ ಗಣಿಯ ಹಕ್ಕು ಪಡೆದು ಭಾರೀ ಶ್ರೀಮಂತನಾದ. ಲೆವಾಲಾಗೆ ಅದರಲ್ಲಿ ಪಾಲಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಜರ್ಮನ್ ಹೆಸರುಗಳ ಬೇರೂ ಇಲ್ಲೇ ಇದೆ. 1884ರಲ್ಲಿ ಜರ್ಮನಿ ಈ ನೆಲವನ್ನು ವಸಾಹತು ಮಾಡಿಕೊಂಡಿತು. ಹೆರೆರೊ ಜನರ ದನ, ಹುಲ್ಲುಗಾವಲು ಒಂದೊಂದಾಗಿ ಕೈತಪ್ಪಿದವು. 1904ರಲ್ಲಿ ಅವರು ತಿರುಗಿಬಿದ್ದರು. ಸೇನಾಪತಿ ಫಾನ್ ಟ್ರೋಥಾ ಅವರನ್ನು ಒಮಾಹೆಕೆ ಎಂಬ ಮರಳುಗಾಡಿಗೆ ಅಟ್ಟಿದ. ವಾಪಸು ಬರದಂತೆ ನೀರಿನ ಗುಂಡಿಗಳಿಗೆ ಕಾವಲು ಹಾಕಿಸಿದ. ಹತ್ತಾರು ಸಾವಿರ ಜನ ಬಾಯಾರಿ ಸತ್ತರು. ಆಮೇಲೆ ನಾಮಾ ಜನರಿಗೂ ಅದೇ ಗತಿ. ಅವರ ನೆಲ ಬಿಳಿಯರ ದೊಡ್ಡ ದೊಡ್ಡ ಫಾರಂಗಳಾಯಿತು. ನಿಮಗೆ ಖಾಲಿ ಕಂಡ ನೆಲದಲ್ಲಿ ಎಷ್ಟೋ ಭಾಗ ಹೀಗೆ ಖಾಲಿ ಮಾಡಿಸಿದ್ದು, ಮೇಷ್ಟ್ರೇ.

1915ರಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯ ಬಂತು, ಹಿಂದೆಯೇ ವರ್ಣಭೇದವೂ ಬಂತು. ಸ್ವಾತಂತ್ರ್ಯ ಸಿಕ್ಕಿದ್ದು 1990ರ ಮಾರ್ಚ್ 21ಕ್ಕೆ. ಆಗ ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಗೆ ನಮ್ಮ ದೇಶದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್ ಮುಖ್ಯಸ್ಥರಾಗಿದ್ದರು.

ಆ ಹತ್ಯಾಕಾಂಡವನ್ನು ಜರ್ಮನಿ ಸರ್ಕಾರ ನರಮೇಧವೆಂದು ಒಪ್ಪಿಕೊಂಡಿದ್ದು 2021ರಲ್ಲಿ. 30 ವರ್ಷಗಳಲ್ಲಿ 110 ಕೋಟಿ ಯೂರೊ ಕೊಡುವುದಾಗಿ ಹೇಳಿತು. ನಮ್ಮನ್ನು ಕೂರಿಸಿಕೊಂಡು ಮಾತಾಡದೆ ಇದೆಂಥ ಒಪ್ಪಂದ ಅಂತ ಹೆರೆರೊ, ನಾಮಾ ಮುಖಂಡರಲ್ಲಿ ಹಲವರು ಅದನ್ನು ತಿರಸ್ಕರಿಸಿದರು. ಅವರ ಮಾತೇ ನನಗೆ ಸರಿ ಅನಿಸುತ್ತದೆ.

ಭೂಪಟ ಇನ್ನೂ ಕೈಯಲ್ಲೇ ಇದ್ದರೆ ಲ್ಯೂಡರಿಟ್ಜ್ ಹುಡುಕಿ. ಪಕ್ಕದಲ್ಲೇ ಕಡಲಿಗೆ ಚಾಚಿದ ಸಣ್ಣ ಬಂಡೆನೆಲವಿದೆ. ಹೆಸರು ಶಾರ್ಕ್ ಐಲ್ಯಾಂಡ್. ಸೆರೆ ಸಿಕ್ಕ ಹೆರೆರೊ, ನಾಮಾ ಜನರನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಅಲ್ಲಿ ಚಳಿಗಾಳಿಯಲ್ಲಿ ಕೂಡಿಹಾಕಿದ್ದರು. ಮುಂದೆ ಆ ಜಾಗ ಪ್ರವಾಸಿಗರು ಟೆಂಟ್ ಹಾಕುವ ತಾಣವಾಯಿತು.