ಪಬ್‌ನಲ್ಲಿ ಗ್ಲಾಸಿಗೆ ಏನಾದರೂ ಬೆರೆಸಿದರೆ ರುಚಿಯಲ್ಲಿ ಗೊತ್ತಾಗುತ್ತಾ?

ತಂಗಿ ಮೊದಲ ಸಲ ಗೆಳತಿಯರ ಜೊತೆ ಬೆಂಗಳೂರಿನ ಪಬ್‌ಗೆ ಹೊರಟಿದ್ದಾಳೆ, ಡ್ರಿಂಕ್ಸ್‌ಗೆ ಯಾರಾದರೂ ಮತ್ತಿನ ಔಷಧ ಬೆರೆಸಿದರೆ ರುಚಿಯಲ್ಲಿ ತಿಳಿಯುತ್ತಾ ಅಂತ ಕೇಳಿದ್ದೀರಿ. ತಿಳಿಯುತ್ತೆ ಅಂತ ನಂಬಿಕೊಂಡು ಹೋಗಬೇಡಿ. ಇಂದಿರಾನಗರದಲ್ಲಿ ಆರು ವರ್ಷ ಬಾರ್ ಕೌಂಟರ್ ಹಿಂದೆ ನಿಂತವನು ನಾನು. ಜಿಎಚ್‌ಬಿ ಅನ್ನುವ ಮತ್ತಿನ ಔಷಧ ಸ್ವಲ್ಪ ಉಪ್ಪುಪ್ಪು, ಆದರೆ ನಿಂಬೆ, ಸಿರಪ್ ಹಾಕಿದ ಕಾಕ್‌ಟೇಲ್‌ನಲ್ಲಿ ಆ ಉಪ್ಪು ಎಲ್ಲಿ ಗೊತ್ತಾಗಬೇಕು? ರೋಹಿಪ್ನಾಲ್ ಅನ್ನುವ ನಿದ್ದೆ ಮಾತ್ರೆ ಕರಗಿದಾಗ ನೀಲಿ ಬಿಡುವ ಹಾಗೆ ಕಂಪನಿಯವರೇ ಬಣ್ಣ ಸೇರಿಸಿದ್ದಾರೆ. ಮಬ್ಬು ಬೆಳಕಲ್ಲಿ, ಕೋಲಾ ಗ್ಲಾಸಲ್ಲಿ, ಅದೂ ಕಾಣಲ್ಲ.

ಜನ ಮಾತ್ರೆಗೆ ಹೆದರುತ್ತಾರೆ. ನಾನು ಕಂಡದ್ದು ಹೆಚ್ಚಾಗಿ ಬರೀ ಮದ್ಯ. ಒಂದು ಶನಿವಾರ ಒಬ್ಬ ಕೌಂಟರ್‌ಗೆ ಬಂದು, "ಅವಳ ಆರೆಂಜ್ ಜ್ಯೂಸ್‌ಗೆ ಒಂದು ಲಾರ್ಜ್ ವೋಡ್ಕಾ ಹಾಕು, ಅವಳಿಗೆ ಹೇಳಬೇಡ" ಅಂದ. ಐನೂರರ ನೋಟು ಮುಂದಿಟ್ಟ. ಅಪರಿಚಿತನಲ್ಲ, ಅವಳ ಆಫೀಸಿನವನೇ. ನಾನು ಹಾಕಲಿಲ್ಲ. ಕ್ಯಾಪ್ಟನ್‌ಗೆ, ಅಂದರೆ ವೇಟರ್‌ಗಳ ಮೇಲ್ವಿಚಾರಕರಿಗೆ, ಹೇಳಿದೆ, ಅವರು ಆ ಹುಡುಗಿಗೇ ಹೇಳಿದರು. ಅವಳ ಮುಖ ಇನ್ನೂ ಕಣ್ಣ ಮುಂದಿದೆ.

ಡ್ರಿಂಕ್ಸ್ ಬಾರ್‌ನವರ ಕೈಯಿಂದಲೇ ತಗೊಳ್ಳಲಿ, ಬಿಟ್ಟು ಎದ್ದ ಗ್ಲಾಸ್ ಮತ್ತೆ ಮುಟ್ಟದಿರಲಿ. ಅದಕ್ಕಿಂತ ಮುಖ್ಯ, ಕೂಡಿ ಹೋದವರು ಕೂಡಿಯೇ ವಾಪಸ್ ಬರಬೇಕು. ಒಂದೇ ಡ್ರಿಂಕ್‌ಗೆ ಯಾರಾದರೂ ತೂರಾಡಿದರೆ, ಮಾತು ತೊದಲಿದರೆ, "ನಾನು ಮನೆಗೆ ಬಿಡ್ತೀನಿ" ಅನ್ನುವವನ ಜೊತೆ ಕ್ಯಾಬ್ ಹತ್ತಿಸಲೇಬಾರದು. ಎಚ್ಚರ ತಪ್ಪಿದರೆ ಮಗ್ಗುಲಾಗಿ ಮಲಗಿಸಿ, 112ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಸೇರಿಸಬೇಕು. ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ, ಜಿಎಚ್‌ಬಿ ಸುಮಾರು 12 ಗಂಟೆಯಲ್ಲಿ ಮೂತ್ರದಿಂದಲೂ ಮಾಯ, ಆಮೇಲೆ ಪರೀಕ್ಷೆಯಲ್ಲಿ ಸಿಗಲ್ಲ. ಉಳಿದ ಡ್ರಿಂಕ್ಸ್ ಚೆಲ್ಲದೆ ಇಟ್ಟುಕೊಳ್ಳಿ. ಅಪರಾಧ ಮಾಡುವ ಉದ್ದೇಶದಿಂದ ಮತ್ತು ಬರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಂ ಪ್ರಕಾರ 10 ವರ್ಷದವರೆಗೂ ಜೈಲು.

ನಮ್ಮವರ ತಪ್ಪನ್ನೂ ಹೇಳಬೇಕು. ತೂರಾಡುವ ಹುಡುಗಿಯನ್ನು "ಟೈಟ್ ಆಗಿದ್ದಾಳೆ" ಅಂತ ಬೌನ್ಸರ್‌ಗಳು ಫುಟ್‌ಪಾತ್‌ಗೆ ತಂದು ಬಿಟ್ಟದ್ದನ್ನು ನೋಡಿದ್ದೇನೆ. ಜೊತೆಗೆ ಬಂದವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 2016ರಲ್ಲಿ ಒಂದು ಪದ್ಧತಿ ಶುರುವಾಯಿತು. ಕೌಂಟರ್‌ಗೆ ಬಂದು "ಏಂಜೆಲಾ ಇದ್ದಾರಾ?" ಅಂದರೆ ಸಾಕು, ಇವಳಿಗೆ ಸಹಾಯ ಬೇಕು ಅಂತ ಸಿಬ್ಬಂದಿಗೆ ಅರ್ಥವಾಗುತ್ತೆ. ಇಲ್ಲೂ ಪ್ರತಿ ಲೇಡೀಸ್ ಟಾಯ್ಲೆಟ್ ಬಾಗಿಲ ಮೇಲೆ ಕನ್ನಡದಲ್ಲಿ ಅಂಥದೊಂದು ಬೋರ್ಡ್ ಬೇಕು. ಅದು ಬರುವವರೆಗೆ, ಒಳಗೆ ಕಾಲಿಟ್ಟ ತಕ್ಷಣ ಕ್ಯಾಪ್ಟನ್ ಯಾರು ಅಂತ ಕೇಳಿ ಮುಖ ನೋಡಿಟ್ಟುಕೊಳ್ಳಲು ತಂಗಿಗೆ ಹೇಳಿ.